ನಟನಿಗೆ ಬೇಕಾದದ್ದು ಶಾಲಲ್ಲ

ಇತ್ತೀಚೆಗೆ ನಮ್ಮೂರಿನ ಸಮಾರಂಭವೊಂದರಲ್ಲಿ ಭಾಷಣಕಾರರೊಬ್ಬರು, ಕಂಪನಿ ನಾಟಕದ ಕಾಲ ಮುಗಿಯಿತು, ದ್ವಂದ್ವಾರ್ಥದ ಮಾತುಗಳಿಂದ ಅದು ತಾನಾಗಿಯೇ ಕೆಟ್ಟಿತು ಎಂದು ತೀರ್ಪಿತ್ತರು. ಸಭೆ ಚಪ್ಪಾಳೆ ತಟ್ಟಿತು. ಅದೇ ವೇದಿಕೆಯ ಮೇಲೆ ವೃದ್ಧ ನಟರೊಬ್ಬರು ಸನ್ಮಾನದ ಶಾಲು ಹೊದ್ದು ಕುಳಿತಿದ್ದರು. ಅವರಿಗೆ ಎರಡು ಮಾತನಾಡಲು ಅವಕಾಶ ದೊರೆಯಲಿಲ್ಲ. ಸಮಯವಿರಲಿಲ್ಲವಂತೆ! ಈ ಅನ್ಯಾಯವನ್ನು ಕುರಿತೇ ಬರೆಯುತ್ತಿದ್ದೇನೆ.

ಪ್ರಿಯ ಶಿಷ್ಯರೇ, ಏಣಗಿ ಬಾಳಪ್ಪನವರನ್ನು ನೆನೆಯಿರಿ. 1914ರಲ್ಲಿ ಬೆಳಗಾವಿ ಜಿಲ್ಲೆಯ ಏಣಗಿಯಲ್ಲಿ ಜನಿಸಿದ ಅವರು ಎಳವೆಯಲ್ಲೇ ಬಣ್ಣ ಹಚ್ಚಿದರು, ಸ್ತ್ರೀಪಾತ್ರಗಳನ್ನು ವಹಿಸಿದರು, ಮುಂದೆ ಕಲಾವೈಭವ ನಾಟ್ಯಸಂಘವನ್ನು ಕಟ್ಟಿದರು. ‘ಜಗಜ್ಯೋತಿ ಬಸವೇಶ್ವರ’ದ ಬಸವಣ್ಣನಾಗಿ ಮನೆಮಾತಾದರು. 2017ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಕಡೆಯ ಸಾಲಿನವನಿಗೂ ಪದ ಕೇಳಬೇಕು, ರಾಗ ಕೆಡಬಾರದು, ಭಾವ ಕದಡಬಾರದು ಎಂಬ ಶಿಸ್ತಿನಲ್ಲಿ ಬೆಳೆದ ತಲೆಮಾರು ಅವರದು. ಇದು ಶಾಸ್ತ್ರೀಯ ವಿದ್ಯೆಯಲ್ಲದೆ ಮತ್ತೇನು?

ನಮ್ಮ ಗದಗು ಸೀಮೆಯನ್ನೇ ನೋಡಿರಿ. ಗರುಡ ಸದಾಶಿವರಾಯರ ನಾಟಕ ಮಂಡಳಿಗೆ ನೆಲೆಯಾದದ್ದು ಗದಗು. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ಸ್ವತಃ ನಾಟಕಗಳನ್ನು ರಚಿಸಿದರು. ಆಶ್ರಮದ ನಾಟಕ ಕಂಪನಿಯ ಗಳಿಕೆ ಅಂಧ ಮಕ್ಕಳ ಅನ್ನಕ್ಕೂ ವಿದ್ಯೆಗೂ ಒದಗಿತು. ರಂಗಭೂಮಿಯನ್ನು ಹಗುರವಾಗಿ ಆಡುವವರು ಆ ಅನ್ನದ ಋಣವನ್ನು ಮರೆಯಬಾರದು.

ಕೀಳು ಹಾಸ್ಯ ನುಗ್ಗಿದ್ದು ಸುಳ್ಳೆಂದು ನಾನು ವಾದಿಸುವುದಿಲ್ಲ. ಆದರೆ ಅದಕ್ಕೆ ಶಿಳ್ಳೆ ಹೊಡೆದವರು ಯಾರು? ಪೌರಾಣಿಕ ನಾಟಕಕ್ಕೆ ಕುರ್ಚಿಗಳು ಖಾಲಿ ಉಳಿದಾಗ ಮನೆಯಲ್ಲಿ ಟಿ.ವಿ. ಮುಂದೆ ಕುಳಿತವರು ಯಾರು? ಕಾಲ ಮುಗಿಯಿತೆನ್ನುವವರು ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ನೋಡಲಿ. ಸಾಲುಸಾಲಾಗಿ ಕ್ಯಾಂಪು ಹಾಕುವ ಕಂಪನಿಗಳು ಯಾರ ಪುಣ್ಯದಿಂದ ಬದುಕಿವೆ? ಟಿಕೀಟು ಕೊಂಡು ಒಳಗೆ ಹೋಗುವ ರೈತ, ನೇಕಾರ, ಕೂಲಿಕಾರರ ಪುಣ್ಯದಿಂದ. ಓದಿದ ನಮ್ಮಿಂದಂತೂ ಅಲ್ಲ.

ಪರರನ್ನು ದೂಷಿಸುವ ಮೊದಲು ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ರಾತ್ರಿಯೆಲ್ಲ ನಾಟಕ ನೋಡಿ ಬಂದು ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗನೊಬ್ಬನನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಹಳಗನ್ನಡ ಪದ್ಯವನ್ನು ಓದಲು ತಡವರಿಸುತ್ತಿದ್ದ ಅವನು ಅಂದು ಬೆಂಚಿನ ಮೇಲೆ ನಿಂತೇ ದುರ್ಯೋಧನನ ಮಾತುಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸಿದನು. ನಾನು ನಗಲಿಲ್ಲ, ಮೆಚ್ಚಲೂ ಇಲ್ಲ. ಬಿ.ಎಡ್. ಕಲಿಸದ ಪಾಠವೊಂದು ಅಂದು ನನ್ನೆದುರಿಗೇ ನಿಂತಿತ್ತು. ಅದನ್ನು ನಾನು ಶಿಕ್ಷಿಸಿದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಆಗ್ರಹವಿಷ್ಟೆ. ಶಿಕ್ಷಕರಾದವರು ಗ್ಯಾದರಿಂಗಿನಲ್ಲಿ ಚಿತ್ರಗೀತೆಯ ಕುಣಿತವೊಂದನ್ನು ಕಡಿಮೆ ಮಾಡಿ ಮಕ್ಕಳಿಂದ ಒಂದು ನಾಟಕವಾಡಿಸಿರಿ. ಕಚೇರಿಗಳಲ್ಲಿರುವವರು ಕಲಾವಿದರ ಮಾಸಾಶನಕ್ಕಾಗಿ ಅಲೆಯುವ ಮುದುಕನನ್ನು ನಾಳೆ ಬಾ ಎಂದು ಕಳಿಸದೆ, ಅವನ ಅರ್ಜಿಯನ್ನು ನೀವೇ ಕೂಡಿಸಿ ಬರೆದುಕೊಡಿರಿ. ಉಳಿದವರು ನಿಮ್ಮೂರಿನ ಹಳೆಯ ನಟರ ಮನೆಗೆ ಹೋಗಿ ಅವರ ಪದಗಳನ್ನು ಮೊಬೈಲಿನಲ್ಲಾದರೂ ಧ್ವನಿಮುದ್ರಿಸಿಕೊಳ್ಳಿರಿ.

ಶಾಲು ಆಮೇಲೆ ಹೊದಿಸಬಹುದು. ಮೊದಲು ಅವರನ್ನು ಮಾತನಾಡಲು ಬಿಡಿರಿ.