ಕಾನೂನು ತಂತ್ರಜ್ಞಾನಕ್ಕೆ ವಿಶ್ವವಿದ್ಯಾಲಯದ ಒರೆಗಲ್ಲು ಬೇಕು

ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ತನ್ನ ಆದೇಶಕ್ಕೆ ಆಧಾರವಾಗಿ ಉಲ್ಲೇಖಿಸಿದ್ದ ಕೆಲವು ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲ ಎಂಬುದನ್ನು 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಗುರುತಿಸಿತು. ಅವು ಎಲ್ಲಿಂದ ನುಸುಳಿದವು ಎಂಬುದು ವಿಚಾರಣೆಗೆ ಬಿಟ್ಟ ವಿಷಯ. ಆದರೆ ಇಲ್ಲದ ತೀರ್ಪನ್ನು ಇದ್ದಂತೆಯೇ ಬರೆದುಕೊಡಬಲ್ಲ ಕೃತಕ ಬುದ್ಧಿಮತ್ತೆ ಇಂದು ಎಲ್ಲರ ಕೈಗೆ ಸಿಗುತ್ತಿದೆ. ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಹೇಳುವವರು ಯಾರು?

ಮಾರುವವರು ಹೇಳಲಾರರು. ಅಮೆರಿಕದಲ್ಲಿ ವಕೀಲರಿಗೆಂದೇ ರೂಪಿಸಿದ ಸಂಶೋಧನಾ ಸಾಧನಗಳು ಸುಳ್ಳು ಉಲ್ಲೇಖ ಕೊಡುವುದಿಲ್ಲ ಎಂಬ ಪ್ರಚಾರ ನಡೆದಿತ್ತು. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಅವನ್ನು ಪರೀಕ್ಷಿಸಿದಾಗ ಶೇ 17ರಿಂದ 33ರಷ್ಟು ಪ್ರಶ್ನೆಗಳಿಗೆ ತಪ್ಪು ಅಥವಾ ಆಧಾರವಿಲ್ಲದ ಉತ್ತರ ಬಂತು. ಮಾರಾಟದ ಹಂಗಿಲ್ಲದವರು ಒರೆಗೆ ಹಚ್ಚಿದ್ದರಿಂದಲೇ ಈ ಸತ್ಯ ಹೊರಬಿತ್ತು.

ಒರೆಗೆ ಹಚ್ಚುವುದರ ಜೊತೆಗೆ ಹೊಸದನ್ನು ಕಟ್ಟುವ ಕೆಲಸವನ್ನೂ ವಿಶ್ವವಿದ್ಯಾಲಯಗಳು ಮಾಡುತ್ತಿವೆ. ಇ–ಫೈಲಿಂಗ್‌ನಲ್ಲಿ ಸಲ್ಲಿಕೆಯಾಗುವ ಅರ್ಜಿಗಳ ಲೋಪ ಗುರುತಿಸುವ ವ್ಯವಸ್ಥೆಯನ್ನು ಸುಪ್ರೀಂ ಕೋರ್ಟ್ ರೂಪಿಸಿದ್ದು ಮದ್ರಾಸ್ ಐಐಟಿ ಜೊತೆಗೂಡಿ. ಭಾರತದ ಕಾನೂನು ದಾಖಲೆಗಳನ್ನೇ ಓದಿಸಿ ಖರಗಪುರ ಐಐಟಿಯ ಸಂಶೋಧಕರು ತಯಾರಿಸಿದ ಭಾಷಾ ಮಾದರಿ ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿದೆ.

ಕಾನ್ಪುರ ಐಐಟಿ ಮುಂಚೂಣಿಯಲ್ಲಿದ್ದು 2021ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸುಪ್ರೀಂ ಕೋರ್ಟ್‌ನ ಸುಮಾರು 35,000 ಪ್ರಕರಣಗಳ ದಾಖಲೆಗಳಿಂದ ಅಂತಿಮ ಆದೇಶದ ಭಾಗವನ್ನು ತೆಗೆದು, ಫಲಿತಾಂಶ ಏನಿರಬಹುದು ಎಂದು ಯಂತ್ರವನ್ನು ಕೇಳಲಾಯಿತು. ಯಂತ್ರದ ಊಹೆ ಶೇ 78ರಷ್ಟು ಸರಿಯಾಯಿತು. ಕಾನೂನು ತಜ್ಞರದು ಶೇ 94ರಷ್ಟು. ಅದಕ್ಕಿಂತ ಮುಖ್ಯವಾಗಿ, ಯಂತ್ರ ಮುಂದಿಟ್ಟ ಕಾರಣಗಳಿಗೂ ತಜ್ಞರು ಗುರುತಿಸಿದ ಕಾರಣಗಳಿಗೂ ಬಹಳ ಅಂತರವಿತ್ತು. ನ್ಯಾಯದಾನದಲ್ಲಿ ಫಲಿತಾಂಶದಷ್ಟೇ ಅದರ ಹಿಂದಿನ ಕಾರಣವೂ ಮುಖ್ಯ. ಸರಿಯಾದ ಕಾರಣ ಹೇಳಲಾಗದ ಯಂತ್ರ ಗುಮಾಸ್ತನ ಕೆಲಸಕ್ಕೆ ಒದಗಬಹುದು, ನ್ಯಾಯಾಧೀಶರ ಕೆಲಸಕ್ಕಲ್ಲ. ಜಿಲ್ಲಾ ನ್ಯಾಯಾಂಗದಲ್ಲಿ ತೀರ್ಪು ನೀಡಲು ಕೃತಕ ಬುದ್ಧಿಮತ್ತೆಯನ್ನು ಬಳಸಬಾರದು ಎಂದು ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ನೀತಿ ಹೊರಡಿಸಿದ್ದು ಈ ಕಾರಣಕ್ಕೂ ಸರಿಯಾಗಿದೆ.

ಹಾಗಾದರೆ ಕನ್ನಡದ ಕಥೆ ಏನು? ಉತ್ತರ ಪ್ರದೇಶದ ಜಿಲ್ಲಾ ನ್ಯಾಯಾಲಯಗಳ ಒಂಬತ್ತು ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನು ಒಗ್ಗೂಡಿಸಿದ ಹಿಂದಿ ಕಾನೂನು ಭಂಡಾರವನ್ನು ಸಂಶೋಧಕರು 2022ರಲ್ಲಿ ಸಿದ್ಧಪಡಿಸಿದರು. ಕನ್ನಡಕ್ಕೂ ಅಂಥದೊಂದು ಭಂಡಾರ ಬೇಕು. ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿಯೂ ಸಾಕ್ಷಿ ನುಡಿಯುವುದು ಜನರ ಮಾತಿನಲ್ಲಿಯೇ. ಪಹಣಿ, ಮಹಜರು, ಕ್ರಯಪತ್ರ, ವಿಭಾಗಪತ್ರ ಹೆಚ್ಚಾಗಿ ಕನ್ನಡದಲ್ಲಿವೆ, ಹಳೆಯವು ಕೈಬರಹದಲ್ಲಿವೆ. ಕಲಬುರಗಿಯ ರೈತನ ಮಾತಿನ ಧಾಟಿ ಬೇರೆ, ಕುಂದಾಪುರದ ಮೀನುಗಾರನದು ಬೇರೆ. ಸುಪ್ರೀಂ ಕೋರ್ಟ್‌ನ ಇಂಗ್ಲಿಷ್ ತೀರ್ಪುಗಳಿಂದ ಪಳಗಿದ ಯಂತ್ರಕ್ಕೆ ಈ ಲೋಕ ಅಪರಿಚಿತ. ಸಾಕ್ಷ್ಯದ ಒಂದು ಮಾತನ್ನು ಅದು ತಪ್ಪಾಗಿ ದಾಖಲಿಸಿದರೂ ಜಮೀನು ಕೈತಪ್ಪಬಹುದು, ಜಾಮೀನು ಸಿಗದೇ ಹೋಗಬಹುದು.

ಕನ್ನಡದ ಭಂಡಾರ ಕಟ್ಟುವ ಕೆಲಸಕ್ಕೆ ಬೇಕಾದ ಸಂಸ್ಥೆಗಳು ರಾಜ್ಯದಲ್ಲಿಯೇ ಇವೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಷ್ಟ್ರೀಯ ಕಾನೂನು ಶಾಲೆ, ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ. ಎಂಜಿನಿಯರ್, ವಕೀಲ, ಭಾಷಾತಜ್ಞ ಒಂದೇ ಮೇಜಿಗೆ ಬರಬೇಕು. ಕಕ್ಷಿದಾರರ ಹೆಸರು, ಗುರುತು ಅಳಿಸಿದ ದಾಖಲೆಗಳನ್ನು ಹೈಕೋರ್ಟ್ ಸಂಶೋಧನೆಗೆ ಒದಗಿಸಬೇಕು. ಸರ್ಕಾರ ಒಂದು ವರ್ಷದ ಯೋಜನೆಗಲ್ಲ, ದೀರ್ಘಾವಧಿಯ ಕೆಲಸಕ್ಕೆ ಹಣ ಕೊಡಬೇಕು. ಸಾರ್ವಜನಿಕ ಹಣದಲ್ಲಿ ಸಿದ್ಧವಾದ ಭಂಡಾರ ಮುಕ್ತವಾಗಿರಬೇಕು. ಹೊರಗಿನ ಕಂಪನಿಗಳ ಸಾಧನವನ್ನು ನ್ಯಾಯಾಲಯ ಕೊಳ್ಳುವ ಮುನ್ನ ಅದೇ ಭಂಡಾರದ ಮೇಲೆ ಪರೀಕ್ಷೆ ನಡೆದು ಫಲಿತಾಂಶ ಪ್ರಕಟವಾಗಬೇಕು.

ತಂತ್ರಜ್ಞಾನ ನಮ್ಮ ನ್ಯಾಯಾಲಯಗಳಿಗೆ ಹೇಗೂ ಬರುತ್ತದೆ. ಕನ್ನಡದಲ್ಲಿ ಅದು ಎಡವುವುದು ಎಲ್ಲಿ ಎಂಬುದು ಪ್ರಯೋಗಾಲಯದಲ್ಲೇ ಗೊತ್ತಾಗಬೇಕು. ಅಲ್ಲಿ ಆ ಕೆಲಸ ನಡೆಯದಿದ್ದರೆ ಪರೀಕ್ಷೆ ನಡೆಯುವುದು ಕಕ್ಷಿದಾರನ ಮೇಲೆ, ಅದರ ಬೆಲೆ ತೆರುವವನೂ ಅವನೇ.