ಗಂಡಿನ ಪಕ್ಕ ನಿಲ್ಲಿಸಿ ಅಳೆಯುವ ಚಟ

ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ‘ಈ ಬಾರಿಯೂ ಬಾಲಕಿಯರದೇ ಮೇಲುಗೈ’ ಎಂಬ ತಲೆಬರಹ ಕಾಣುತ್ತದೆ. ಸ್ಟಾಫ್ ರೂಮಿನಲ್ಲಿ ಅದನ್ನೋದಿ ಹಿಗ್ಗಿದವರಲ್ಲಿ ನಾನೂ ಒಬ್ಬಳು. ಆದರೆ ರಫಿಯನ್ ಎಂಬ ರೇಸು ಕುದುರೆಯ ಕಥೆ ತಿಳಿದ ಮೇಲೆ ಆ ತಲೆಬರಹ ಕಂಡರೆ ಒಳಗೊಳಗೇ ಸಂಕಟವಾಗುತ್ತದೆ.

ರಫಿಯನ್ 1972ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಹುಟ್ಟಿದ ಹೆಣ್ಣುಕುದುರೆ. ಹೆಸರಿನ ಅರ್ಥ ಪುಂಡ. ವ್ಯಾಕರಣದ ಪ್ರಕಾರ ‘ಅದು’ ಎನ್ನಬೇಕು. ನಾನು ‘ಅವಳು’ ಎಂದೇ ಬರೆಯುತ್ತೇನೆ. ಎರಡು ವರ್ಷದ ಕುದುರೆಯ ಮೂಳೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಆ ವಯಸ್ಸಿನಲ್ಲೇ, 1974ರ ಮೇ ತಿಂಗಳಲ್ಲಿ, ಅವಳನ್ನು ಓಟಕ್ಕೆ ಇಳಿಸಿದರು. ಅದೇ ವರ್ಷ ಹಿಂಗಾಲಿನ ಮೂಳೆ ಬಿರುಕುಬಿಟ್ಟು ಕೆಲವು ತಿಂಗಳು ಲಾಯದಲ್ಲೇ ಉಳಿದಳು. ಆದರೂ ಓಡಿದ ಹತ್ತು ರೇಸುಗಳಲ್ಲಿ ಹತ್ತನ್ನೂ ಗೆದ್ದಳು. 1975ರಲ್ಲಿ ಹೆಣ್ಣುಕುದುರೆಗಳ ಮೂರು ದೊಡ್ಡ ರೇಸುಗಳೂ ಅವಳ ಪಾಲಾದವು.

ಅಷ್ಟಕ್ಕೆ ಜನರಿಗೆ ತೃಪ್ತಿಯಾಯಿತೇ? ‘ಹೆಣ್ಣುಗಳನ್ನು ಸೋಲಿಸಿದರೇನು, ಗಂಡಿನೆದುರು ನಿಲ್ಲಬಲ್ಲಳೇ?’ ಎಂದರು. 1973ರಲ್ಲಿ ಟೆನ್ನಿಸ್ ಆಟಗಾರ್ತಿ ಬಿಲ್ಲಿ ಜೀನ್ ಕಿಂಗ್, ಬಾಬಿ ರಿಗ್ಸ್‌ನನ್ನು ಸೋಲಿಸಿದ ಬಿಸಿ ಇನ್ನೂ ಆರಿರಲಿಲ್ಲ. 1975ರ ಕೆಂಟಕಿ ಡರ್ಬಿ ಗೆದ್ದಿದ್ದ ಗಂಡುಕುದುರೆ ಫೂಲಿಷ್ ಪ್ಲೆಷರ್ ಎದುರಾಳಿಯಾಯಿತು. ಇಬ್ಬರೇ ಓಡುವ ಪಂದ್ಯ. 1975ರ ಜುಲೈ 6ರಂದು ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕಿನಲ್ಲಿ ಸುಮಾರು 50,000 ಜನ ಸೇರಿದರು. ಮಿಕ್ಕವರು ಟಿ.ವಿ. ಮುಂದೆ ಕುಳಿತರು.

ಒಂದು ಮೈಲಿಯೂ ಮುಗಿದಿರಲಿಲ್ಲ, ಮುಂದಿದ್ದವಳು ಅವಳೇ. ಬಲ ಮುಂಗಾಲಿನ ಮೂಳೆ ಮುರಿಯಿತು. ಜಾಕಿ ವಾಸ್ಕ್ವೆಸ್ ಲಗಾಮು ಜಗ್ಗಿದರೂ ನಿಲ್ಲದೆ, ಮುರಿದ ಕಾಲಲ್ಲೇ ಓಡಿದಳು. ರಾತ್ರಿ ಶಸ್ತ್ರಚಿಕಿತ್ಸೆ ನಡೆಯಿತು. ಮತ್ತು ಇಳಿದು ಎಚ್ಚರವಾಗುತ್ತಲೇ, ಇನ್ನೂ ರೇಸಿನಲ್ಲಿರುವಂತೆ ಮಲಗಿದಲ್ಲೇ ಕಾಲು ಬಡಿದಳು. ಪ್ಲಾಸ್ಟರ್ ಒಡೆಯಿತು, ಕಾಲು ಮತ್ತೆ ಛಿದ್ರವಾಯಿತು. ಬೆಳಗಾಗುವುದರೊಳಗೆ ದಯಾಮರಣ ಕೊಟ್ಟರು. ಆಗ ಅವಳಿಗೆ ಮೂರು ವರ್ಷ.

‘ಓಡುವುದು ಕುದುರೆಯ ಸ್ವಭಾವ, ಅಪಘಾತಕ್ಕೆ ಯಾರೇನು ಮಾಡಲಾದೀತು?’ ಎನ್ನುವವರಿದ್ದಾರೆ. ಸ್ವಭಾವ ಅವಳದು, ನಿಜ. ಪಂದ್ಯ ಅವಳದೇ? ಗಂಡನ್ನು ಸೋಲಿಸಬೇಕೆಂಬ ಹಟ ಅವಳಿಗಿತ್ತೇ? ಹಟ ನೋಡುವವರದು, ಹಣ ನಡೆಸುವವರದು, ಕಾಲು ಮಾತ್ರ ಅವಳದು!

‘ಹಾಗಾದರೆ ಹೆಣ್ಣು ಗಂಡಿನ ಜೊತೆ ಓಡಲೇಬಾರದೇ ಟೀಚರ್?’ ಎಂದು ನೀವು ಕೇಳಬಹುದು. ಧಾರಾಳವಾಗಿ ಓಡಲಿ. 1915ರಲ್ಲಿ ರಿಗ್ರೆಟ್ ಎಂಬ ಹೆಣ್ಣುಕುದುರೆ ಗಂಡುಗಳ ಗುಂಪಿನಲ್ಲೇ ಓಡಿ ಕೆಂಟಕಿ ಡರ್ಬಿ ಗೆದ್ದಿದ್ದಳು. ಹತ್ತಾರು ಕುದುರೆಗಳ ನಡುವೆ ತಾನೂ ಒಂದಾಗಿ ಓಡುವುದು ಬೇರೆ; ಇಡೀ ಹೆಣ್ಣುಕುಲದ ಮರ್ಯಾದೆಯನ್ನು ಒಬ್ಬಳ ಕಾಲಿಗೆ ಕಟ್ಟಿ ಓಡಿಸುವುದು ಬೇರೆ.

ಆ ಕಟ್ಟುವ ಕೆಲಸವನ್ನು ನಾನೂ ಮಾಡಿದ್ದೇನೆ. ಹತ್ತನೇ ತರಗತಿಯ ಒಬ್ಬಳು ಜಾಣೆಗೆ, ‘ಆ ಹುಡುಗನಿಗಿಂತ ಒಂದು ಮಾರ್ಕಾದರೂ ಹೆಚ್ಚು ತೆಗೀಬೇಕು ನೋಡು, ನಮ್ಮ ಮಾನ ಉಳಿಸು’ ಎಂದು ದಿನವೂ ಹೇಳುತ್ತಿದ್ದೆ. ನಿದ್ದೆಗೆಟ್ಟು ಓದಿದ ಆ ಮಗು ಪ್ರಿಪರೇಟರಿ ಪರೀಕ್ಷೆಯಲ್ಲಿ ತಲೆಸುತ್ತಿ ಬಿತ್ತು. ನೀರು ಕುಡಿಸಿದಾಗ ಅವಳು ಕೇಳಿದ್ದು ಇಷ್ಟೇ: “ಟೀಚರ್, ಅವನಿಗೆ ಎಷ್ಟು ಬಂತು?” ತನಗೆಷ್ಟು ಬಂತೆಂದು ಅವಳು ಕೇಳಲೇ ಇಲ್ಲ.

ತಾಯಂದಿರೇ, ನಮ್ಮ ಹೆಣ್ಣುಮಕ್ಕಳು ಓಡಲಿ, ಗೆಲ್ಲಲಿ. ಅವರ ಗೆಲುವನ್ನು ಅಳೆಯಲು ಪಕ್ಕದಲ್ಲೊಬ್ಬ ಗಂಡನ್ನು ತಂದು ನಿಲ್ಲಿಸುವ ಚಟವನ್ನು ಮೊದಲು ನಾವು ಬಿಡೋಣ. ರಫಿಯನ್ ಹತ್ತು ರೇಸು ಗೆದ್ದಿದ್ದಳು. ಹನ್ನೊಂದನೆಯದು ಅವಳಿಗೆ ಬೇಕಿರಲಿಲ್ಲ.