ನಮ್ಮನ್ನು ಮುಟ್ಟಿ ನೋಡುವವರು ಯಾರು? ಮೊದಲು ಅದನ್ನು ಹೇಳಿ!

ಗಿಲ್ಲೆಸುಗೂರು ಹೋಬಳಿಯ ಅಣ್ಣಂದಿರೇ, ಅಕ್ಕಂದಿರೇ! ಮಾನ್ವಿ, ದೇವದುರ್ಗದ ಬಂಧುಗಳೇ! ರಾಯಚೂರಿನ ಹಮಾಲರೇ, ಆಟೋದವರೇ, ಹತ್ತಿ ಬಿಡಿಸುವ ತಾಯಂದಿರೇ!

ಹೋದ ಸಲ ದವಾಖಾನೆಗೆ ಹೋದಾಗ ನಿಮ್ಮನ್ನು ನೋಡಿದವರು ಯಾರು? ಅವರ ಹೆಸರು ಗೊತ್ತೇ? ಅವರು ಡಾಕ್ಟರೋ, ನರ್ಸೋ, ಡಾಕ್ಟರ ಸಹಾಯಕರೋ, ಕಾಂಪೌಂಡರೋ? ಯಾರಾದರೂ ನಿಮಗೆ ಹೇಳಿದರೇ?

ಇಲ್ಲ! ಬಿಳಿ ಕೋಟು ಕಂಡಿತು. ಕೊರಳಲ್ಲಿ ಸ್ಟೆತಸ್ಕೋಪ್ ಕಂಡಿತು. ಕೈ ಮುಗಿದು ಕೂತೆವು. ಸೂಜಿ ಮಾಡಿಸಿಕೊಂಡೆವು, ಬಾಟ್ಲಿ ಹಚ್ಚಿಸಿಕೊಂಡೆವು, ದುಡ್ಡು ಕೊಟ್ಟು ಬಂದೆವು. ವಾಸಿಯಾದರೆ ಪುಣ್ಯ ಎಂದೆವು, ಆಗದಿದ್ದರೆ ಹಣೆಬರಹ ಎಂದೆವು.

ಹಣೆಬರಹವಲ್ಲ! ಡಾಕ್ಟರ್ ಅಲ್ಲದವರನ್ನು ಡಾಕ್ಟರ್ ಎಂದು ನಮಗೆ ತೋರಿಸುತ್ತಿದ್ದಾರೆ. ಅದಕ್ಕೆ ನಮ್ಮ ಮೈಯೇ ದಂಡ ಕಟ್ಟುತ್ತಿದೆ.

ಹೊಲದಲ್ಲಿ ಹತ್ತಿ ಬಿಡಿಸುವ ಅಕ್ಕನಿಗೆ ಹಾವು ಕಚ್ಚುತ್ತದೆ. ಊರಲ್ಲೇ ಇರುವ ಬಿಳಿ ಕೋಟಿನವರ ಹತ್ತಿರ ಓಡುತ್ತೇವೆ. "ಏನೂ ಆಗಂಗಿಲ್ಲ, ಸೂಜಿ ಮಾಡೀನಿ, ಮನಿಗಿ ಹೋಗಿ ಮಲಗ್ರಿ" ಅನ್ನುತ್ತಾರೆ. ಅದು ಟಿಟಿ ಸೂಜಿ! ಹಾವಿನ ವಿಷ ಇಳಿಸುವ ಔಷಧವೇ ಬೇರೆ. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವೇ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿದೆ. ಇತ್ತ ನಮ್ಮ ಅಕ್ಕ ಮನೆಯ ಮೂಲೆಯಲ್ಲಿ ಮಲಗಿದ್ದಾಳೆ. ರೆಪ್ಪೆ ಜೋತುಬಿದ್ದಿವೆ, ಮಾತು ತೊದಲುತ್ತಿದೆ. ಕಳೆದ ಹೊತ್ತನ್ನು ಯಾರು ತಂದುಕೊಡುತ್ತಾರೆ?

ಏಳು ತಿಂಗಳ ಬಸುರಿ ಮಗಳು. ಕಾಲು ಬಾತಿವೆ, ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ. "ಬಸುರಿ ಅಂದ್ಮ್ಯಾಲೆ ಕಾಲು ಬಾಯ್ತಾವು" ಎಂದು ಗುಳಿಗೆ ಕೊಟ್ಟು ಕಳಿಸುತ್ತಾರೆ. ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದ್ದರೆ ಸಾಕಿತ್ತು! ರಾತ್ರಿ ಫಿಟ್ಸ್ ಬರುತ್ತದೆ. ಒಂದಲ್ಲ, ಎರಡು ಜೀವ!

ಗಂಜ್‌ನಲ್ಲಿ ಮೂಟೆ ಹೊರುವ ಅಣ್ಣನಿಗೆ ಎದೆ ಹಿಂಡುತ್ತದೆ, ಬೆವರು ಇಳಿಯುತ್ತದೆ. "ಗ್ಯಾಸ್" ಎಂದು ಸೂಜಿ ಮಾಡುತ್ತಾರೆ. ಈ 'ಗ್ಯಾಸ್' ಕೇಳಿದರೆ ನಮ್ಮ ರಕ್ತ ಕುದಿಯುತ್ತದೆ! ಪುನೀತ್ ರಾಜ್‌ಕುಮಾರ್ ಅವರ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ಬಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಹೃದಯದ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಯೋಜನೆ ಅದು. ಗ್ಯಾಸ್ ಎಂದು ಮನೆಗೆ ಕಳಿಸಿದವನಿಗೆ ಆ ಚುಚ್ಚುಮದ್ದು ಸಿಗುವುದು ಹೇಗೆ?

ಮಂಡಿ ನೋವು ಎಂದರೆ ಸ್ಟಿರಾಯ್ಡ್ ಸೂಜಿ. ತಕ್ಷಣ ಹಾಯೆನಿಸುತ್ತದೆ, "ಅವರ ಕೈಗುಣ ಭಾಳ ಛಲೋ" ಎಂದು ನಾವೇ ಊರೆಲ್ಲ ಹೇಳುತ್ತೇವೆ. ಬರಬರುತ್ತಾ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ.

ಈಗ ಕಾನೂನು ಕೇಳಿ. ಇದನ್ನು ಯಾರೂ ನಿಮಗೆ ಓದಿ ಹೇಳಿರಲಿಕ್ಕಿಲ್ಲ.

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ ಇದೆ. ಅದರ 32ನೇ ಕಲಂ, ಪೂರ್ತಿ ಡಾಕ್ಟರ್ ಅಲ್ಲದ ಸಮುದಾಯ ಆರೋಗ್ಯ ಸೇವಕರಿಗೆ ಸೀಮಿತ ಪರವಾನಗಿ ಕೊಡಲು ದಾರಿ ಮಾಡಿದೆ. ಸೀಮಿತ ಅಂದರೆ ಎಷ್ಟು? ಪ್ರಾಥಮಿಕ ಚಿಕಿತ್ಸೆ ಮತ್ತು ರೋಗ ತಡೆಯುವ ಕೆಲಸದಲ್ಲಿ ಮಾತ್ರ, ಗೊತ್ತುಪಡಿಸಿದ ಔಷಧಗಳನ್ನು ಮಾತ್ರ ಅವರು ತಾವಾಗಿ ಬರೆಯಬಹುದು. ಅದರಾಚೆ ಏನೇ ಬರೆದರೂ ನೋಂದಾಯಿತ ಡಾಕ್ಟರ ಉಸ್ತುವಾರಿ ಬೇಕೇ ಬೇಕು. ನೋಂದಣಿ ಇಲ್ಲದೆ ವೈದ್ಯ ವೃತ್ತಿ ಮಾಡಿದರೆ? 34ನೇ ಕಲಂ ನೋಡಿ. ಒಂದು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ!

ದೊಡ್ಡ ಆಸ್ಪತ್ರೆಗಳಲ್ಲಿ ಫಿಸಿಷಿಯನ್ ಅಸಿಸ್ಟೆಂಟ್ ಎಂಬ ಹುದ್ದೆಯವರು ಇದ್ದಾರೆ. ಓದಿ ಪದವಿ ಪಡೆದವರು. 2021ರ ಕಾಯ್ದೆಯೊಂದು ಅವರನ್ನು ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿದೆ. ಅವರ ಕೆಲಸ ಡಾಕ್ಟರ ಕೈಕೆಳಗೆ, ಡಾಕ್ಟರಿಗೆ ನೆರವಾಗಿ. ಡಾಕ್ಟರ ಬದಲಿಗೆ ಅಲ್ಲ! ರಾತ್ರಿ ಪಾಳಿಯಲ್ಲಿ ಡಾಕ್ಟರನ್ನು ಮನೆಗೆ ಕಳಿಸಿ ಸಹಾಯಕರೊಬ್ಬರನ್ನೇ ಐಸಿಯು ಕಾಯಲು ಬಿಡುವ ಮಾಲೀಕರೇ, ಬಿಲ್ಲಿನಲ್ಲಿ ಮಾತ್ರ ಡಾಕ್ಟರ್ ಫೀಜು ಎಂದು ಬರೆಯುವುದೇಕೆ?

ಸರ್ಕಾರ ಈ ಮಾಲೀಕರಿಗಿಂತ ಮೇಲೇನೂ ಅಲ್ಲ. ಸುಮಾರು 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಅವರದೇ ಲೆಕ್ಕ. 2018ರಲ್ಲಿ ಆಯುಷ್ಮಾನ್ ಭಾರತ್ ಬಂದ ಮೇಲೆ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ, ಬಂದರು. ನರ್ಸಿಂಗ್ ಓದಿದ ನಮ್ಮದೇ ಮಕ್ಕಳು. ಬಿಪಿ, ಶುಗರ್ ನೋಡುವುದು, ಕ್ಯಾನ್ಸರ್ ತಪಾಸಣೆ, ಡಾಕ್ಟರು ಬರೆದ ಮಾತ್ರೆ ಮುಂದುವರಿಸುವುದು, ಅನುಮಾನ ಬಂದರೆ ಫೋನಿನಲ್ಲಿ ಡಾಕ್ಟರಿಗೆ ತೋರಿಸುವುದು, ಮೇಲಿನ ಆಸ್ಪತ್ರೆಗೆ ಕಳಿಸುವುದು ಅವರ ಕೆಲಸ. ಒಳ್ಳೆಯ ಕೆಲಸ! ಅವರ ಮೇಲೆ ನಮಗೆ ಸಿಟ್ಟಿಲ್ಲ. ಗುತ್ತಿಗೆ ಸಂಬಳಕ್ಕೆ ದುಡಿಯುವ ಆ ಹುಡುಗಿಯನ್ನು ಒಬ್ಬಳೇ ಕೂರಿಸಿ, ಮೇಲೆ ಡಾಕ್ಟರ ಕುರ್ಚಿಯನ್ನೇ ಖಾಲಿ ಬಿಟ್ಟರೆ, ಉಸ್ತುವಾರಿ ಮಾಡುವವರು ಯಾರು? ಏನಾದರೂ ಎಡವಟ್ಟಾದರೆ ನಾವು ಜಗಳಕ್ಕೆ ಹೋಗುವುದು ಅವಳ ಮೇಲೆ. ಆಕೆಯೂ ನಮ್ಮಂತೆ ನೊಂದವಳೇ. ದಯವಿಟ್ಟು ಆಕೆಯ ಮೇಲೆ ಕೈ ಎತ್ತಬೇಡಿ, ಕೂಗಾಡಬೇಡಿ. ಕುರ್ಚಿ ಖಾಲಿ ಬಿಟ್ಟವರನ್ನು ಕೇಳಿ!

ಇದು ನಮ್ಮ ಊರಿನ ಗೋಳು ಮಾತ್ರ ಎಂದುಕೊಳ್ಳಬೇಡಿ. 2022ರಲ್ಲಿ ಲಂಡನ್ನಿನಲ್ಲಿ 30 ವರ್ಷದ ಹೆಣ್ಣುಮಗಳೊಬ್ಬಳು ಕಾಲು ನೋವು, ಉಸಿರಾಟದ ತೊಂದರೆ ಎಂದು ದವಾಖಾನೆಗೆ ಎರಡು ಸಲ ಹೋದಳು. ಎರಡು ಸಲವೂ ನೋಡಿದ್ದು ಡಾಕ್ಟರ ಸಹಾಯಕರು. ಆಕೆ ಅವರನ್ನು ಡಾಕ್ಟರೆಂದೇ ನಂಬಿದ್ದಳು. ರಕ್ತ ಹೆಪ್ಪುಗಟ್ಟಿದ್ದು ಗೊತ್ತಾಗಲೇ ಇಲ್ಲ, ಪ್ರಾಣ ಹೋಯಿತು. ಆ ದೇಶ ಸುಮ್ಮನೆ ಕೂರಲಿಲ್ಲ. 2025ರ ಜುಲೈನಲ್ಲಿ ಸರ್ಕಾರ ನೇಮಿಸಿದ ಪರಿಶೀಲನೆಯ ವರದಿ ಬಂತು. ಸಹಾಯಕರನ್ನು ಸಹಾಯಕರೆಂದೇ ಕರೆಯಿರಿ, ಬೇರೆ ಬ್ಯಾಡ್ಜು ಕೊಡಿ, ರೋಗ ಯಾವುದೆಂದು ಇನ್ನೂ ಪತ್ತೆಯಾಗದ ರೋಗಿಯನ್ನು ಅವರ ಕೈಗೆ ಬಿಡಬೇಡಿ ಎಂದಿತು. ಲಂಡನ್ನಿನ ಜೀವಕ್ಕೆ ಇರುವ ಬೆಲೆ ಗಿಲ್ಲೆಸುಗೂರಿನ ಜೀವಕ್ಕೆ ಇಲ್ಲವೇ?

ನಮ್ಮ ಸುಪ್ರೀಂ ಕೋರ್ಟ್ ಇದೆ ಎಂದಿದೆ! ಮೂರು ವರ್ಷದ ಡಿಪ್ಲೊಮಾ ಓದಿದವರು ಹಳ್ಳಿಗಳಲ್ಲಿ ಅಲೋಪಥಿ ಚಿಕಿತ್ಸೆ ಕೊಡಬಹುದು ಎಂದು ಅಸ್ಸಾಂ ಸರ್ಕಾರ ಕಾಯ್ದೆ ಮಾಡಿತ್ತು. 2023ರ ಜನವರಿಯಲ್ಲಿ ಕೋರ್ಟು ಆ ಕಾಯ್ದೆ ನಿಲ್ಲುವುದಿಲ್ಲ ಎಂದಿತು. ಅರ್ಹರಿಂದ ಚಿಕಿತ್ಸೆ ಪಡೆಯುವ ಹಕ್ಕು ಹಳ್ಳಿಯವರಿಗೂ ಸಮಾನವಾಗಿದೆ ಎಂದಿತು. ಅದಕ್ಕೂ ಮುಂಚೆ, 1996ರಲ್ಲೇ, ಹೋಮಿಯೋಪಥಿ ಓದಿ ಅಲೋಪಥಿ ಔಷಧ ಕೊಟ್ಟವರಿಂದ, ಸತ್ತ ರೋಗಿಯ ಹೆಂಡತಿಗೆ 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತ್ತು.

"ಡಾಕ್ಟ್ರು ಹಳ್ಳಿಗಿ ಬರಂಗಿಲ್ಲ, ಏನ್ ಮಾಡೋದು?" ಅನ್ನುತ್ತಾರೆ. ಎಂಬಿಬಿಎಸ್ ಮುಗಿಸಿದವರಿಗೆ ಒಂದು ವರ್ಷದ ಕಡ್ಡಾಯ ಸೇವೆಯ ಕಾಯ್ದೆಯನ್ನು ಕರ್ನಾಟಕ 2012ರಲ್ಲೇ ಮಾಡಿತ್ತು. ರಾಯಚೂರಿನಲ್ಲೇ ರಿಮ್ಸ್ ವೈದ್ಯಕೀಯ ಕಾಲೇಜು ಇದೆ, ವರ್ಷ ವರ್ಷ ಡಾಕ್ಟರು ತಯಾರಾಗುತ್ತಾರೆ. ಪ್ರಾದೇಶಿಕ ಅಸಮಾನತೆ ಕುರಿತ ನಂಜುಂಡಪ್ಪ ವರದಿ 2002ರಲ್ಲೇ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕು ಎಂದು ಬರೆದಿಟ್ಟಿತು. ನಮ್ಮ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿಯೂ ಬಂತು. ಏಮ್ಸ್ ಬೇಕೆಂದು 2022ರ ಮೇ 13ರಿಂದ ರಾಯಚೂರಿನಲ್ಲಿ ಜನ ಧರಣಿ ಕೂತರು, ಸಾವಿರ ದಿನ ದಾಟಿತು. ಏಮ್ಸ್ ಬೇಕು, ಬೇಕೇ ಬೇಕು! ಅದು ಬರುವತನಕ ನಮ್ಮೂರ ದವಾಖಾನೆಯಲ್ಲಿ ಒಬ್ಬ ಡಾಕ್ಟರಾದರೂ ಇರಬೇಕಲ್ಲ?

ಬಂಧುಗಳೇ, ಇವತ್ತಿನಿಂದಲೇ ಕೇಳೋಣ. ಸೂಜಿ ಚುಚ್ಚುವ ಮುಂಚೆ ಕೇಳಿ: "ಸರ್, ನಿಮ್ಮ ಹೆಸರೇನು? ಏನು ಓದೀರಿ? ನೋಂದಣಿ ನಂಬರ್ ಯಾವುದು?" ಮರ್ಯಾದೆಯಿಂದ ಕೇಳಿ, ಆದರೆ ಕೇಳಿಯೇ ಕೇಳಿ. ನಿಜವಾದ ಡಾಕ್ಟರು ಸಿಟ್ಟಾಗುವುದಿಲ್ಲ. ಖಾಸಗಿ ಕ್ಲಿನಿಕ್ ಆದರೆ ತಲೆ ಎತ್ತಿ ಬೋರ್ಡು ನೋಡಿ. ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ, ನೋಂದಣಿ ಸಂಖ್ಯೆ ಬರೆದಿರಲೇಬೇಕು. ಇಲ್ಲದಿದ್ದರೆ ಒಳಗೆ ಕಾಲಿಡಬೇಡಿ. ಔಷಧ ಚೀಟಿ ಕೇಳಿ ಪಡೆಯಿರಿ, ಬಿಸಾಡಬೇಡಿ. ಚೀಟಿಯೇ ಕೊಡದವರ ಹತ್ತಿರ ಮಕ್ಕಳನ್ನು ಒಯ್ಯಬೇಡಿ! ಹಾವು ಕಚ್ಚಿದರೆ, ಎದೆ ಹಿಂಡಿದರೆ, ಬಸುರಿಗೆ ತಲೆ ಸಿಡಿದು ಕಣ್ಣು ಮಂಜಾದರೆ ನೇರ 108ಕ್ಕೆ ಫೋನ್ ಮಾಡಿ.

ಮುಂದಿನ ಗ್ರಾಮಸಭೆಗೆ ಎಲ್ಲರೂ ಬನ್ನಿ. ಕೂಲಿ ಒಂದು ದಿನ ಹೋದರೂ ಬನ್ನಿ, ಹೆಣ್ಣುಮಕ್ಕಳು ಮುಂದಿನ ಸಾಲಲ್ಲಿ ಕೂರಿ. ದವಾಖಾನೆಯ ಗೋಡೆಯ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಬೇಕು ಎಂದು ಠರಾವು ಮಾಡಿಸೋಣ: ಇಲ್ಲಿ ಡಾಕ್ಟರ್ ಯಾರು, ನರ್ಸ್ ಯಾರು, ಸಹಾಯಕರು ಯಾರು, ಯಾರು ಯಾವ ಔಷಧ ಕೊಡಬಹುದು, ಡಾಕ್ಟರ್ ಯಾವ ಹೊತ್ತಿಗೆ ಇರುತ್ತಾರೆ. ಪ್ರತಿಯೊಬ್ಬರ ಎದೆಯ ಮೇಲೆ ಹೆಸರು, ಹುದ್ದೆ ಇರಲಿ. ಓದಲು ಬಾರದವರಿಗೆ ಬಾಯಿಬಿಟ್ಟು ಹೇಳಲಿ. ಖಾಲಿ ಹುದ್ದೆ ಯಾವಾಗ ತುಂಬುತ್ತೀರಿ ಎಂದು ತಾರೀಕು ಕೇಳೋಣ.

ಖಾಸಗಿಯವರ ಮೇಲೆ ದೂರು ಇದ್ದರೆ ಅದಕ್ಕೂ ಜಾಗವಿದೆ. ಕೆಪಿಎಂಇ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳೇ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರ ಇದೆ, ಜಿಲ್ಲಾ ಆರೋಗ್ಯಾಧಿಕಾರಿ ಅದರ ಕಾರ್ಯದರ್ಶಿ. ಅರ್ಜಿಯಲ್ಲಿ ದಿನ, ಹೊತ್ತು, ಕೊಟ್ಟ ಔಷಧ, ತೆಗೆದುಕೊಂಡ ದುಡ್ಡು ಎಲ್ಲ ಬರೆಯಿರಿ. ನಿಮಗೆ ಬರೆಯಲು ಬಾರದಿದ್ದರೆ ಕಾಲೇಜಿಗೆ ಹೋಗುವ ಮಗಳ ಕೈಲಿ ಬರೆಸಿ. ಒಬ್ಬರೇ ಹೋಗಬೇಡಿ, ಹತ್ತು ಜನ ಕೂಡಿ ರಾಯಚೂರಿಗೆ ಹೋಗಿ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳದೆ ಆ ಕಚೇರಿಯಿಂದ ಕದಲಬೇಡಿ!